ಹೆಜ್ಜೇನು ಕೊಯ್ಯುವ ಕತ್ತಿ ಎಲ್ಲಿ ನಿಲ್ಲಬೇಕು?

ಹೆಜ್ಜೇನಿನ ಹುಟ್ಟು ಮೀಟರಿಗೂ ಮೀರಿ ಅಗಲವಾಗುವುದುಂಟು. ದೂರದಿಂದ ನೋಡಿದವರಿಗೆ ಅದರ ತುಂಬ ತುಪ್ಪವೇ ಇದೆ ಅನ್ನಿಸುತ್ತದೆ. ಆದರೆ ತುಪ್ಪ ಇರುವುದು ಮೇಲಿನ ಒಂದು ಮೂಲೆಯಲ್ಲಿ ಮಾತ್ರ. ಕೊಂಬೆಗೋ ಬಂಡೆಗೋ ಅಂಟಿಕೊಂಡ ಆ ಮೂಲೆ ಅಂಗೈಯಗಲಕ್ಕೆ ಉಬ್ಬಿರುತ್ತದೆ; ಬೆಟ್ಟದವರು ಅದನ್ನು ನೋಡಿಯೇ ಹುಟ್ಟು ಮಾಗಿದೆಯೋ ಇಲ್ಲವೋ ಹೇಳುತ್ತಾರೆ. ಉಳಿದದ್ದೆಲ್ಲ ತೆಳುವಾದ ಎರಿ. ಅದರಲ್ಲಿರುವುದು ಪರಾಗ, ಮೊಟ್ಟೆ, ಹುಳು, ಮುಚ್ಚಳ ಹಾಕಿದ ಮರಿಗಳು. ಇದರ ಮೇಲೆ ನೊಣಗಳು ಪದರ ಪದರವಾಗಿ ಕೂತು ಪರದೆ ಕಟ್ಟಿರುತ್ತವೆ. ಕಣಜವೊಂದು ಹತ್ತಿರ ಸುಳಿದರೆ ಹೊರಪದರದ ನೊಣಗಳು ಒಂದರ ಹಿಂದೊಂದು ಹಿಂಭಾಗ ಎತ್ತಿ ಇಳಿಸುತ್ತವೆ. ಪರದೆಯ ಈ ತುದಿಯಿಂದ ಆ ತುದಿಗೆ ಕಪ್ಪು ಅಲೆಯೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ಹರಿದು ಹೋಗುತ್ತದೆ. ಕಣಜ ಹಿಂದೆ ಸರಿಯುತ್ತದೆ.

ನೊಣಕ್ಕೆ ಕೇಡಾಗದಂತೆ ಜೇನು ಕೊಯ್ಯುವುದು ಹೇಗೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಈ ರಚನೆಯಲ್ಲೇ ಇದೆ. ಉಬ್ಬಿದ ಮೂಲೆಯನ್ನು ಮಾತ್ರ ಕೊಯ್ದರೆ ಮರಿಗಳಿರುವ ಎರಿ ಕೊಂಬೆಯ ಉದ್ದಕ್ಕೂ ಜೋತುಕೊಂಡೇ ಉಳಿಯುತ್ತದೆ. ಕತ್ತಿಯನ್ನು ಕೊಂಬೆಯ ಅಡಿಯಲ್ಲಿ ಈ ಕೊನೆಯಿಂದ ಆ ಕೊನೆಗೆ ಎಳೆದರೆ ಇಡೀ ಸಂಸಾರ ನೆಲಕ್ಕೆ. ಎರಡಕ್ಕೂ ನಡುವೆ ಇರುವುದು ಒಂದೆರಡು ಮೊಳದ ಅಂತರ. ಉತ್ತರದ ಇನ್ನರ್ಧ ಮರದ ಮೇಲಿಲ್ಲ, ಮರದ ಕೆಳಗಿದೆ: ಆ ಮರಕ್ಕೆ ಮುಂದಿನ ವರ್ಷವೂ ತಾನೇ ಬರುತ್ತೇನೆ ಎಂಬ ಭರವಸೆ ಹತ್ತಿದವನಿಗೆ ಇದೆಯೇ? ಯಳಂದೂರು, ಹನೂರು, ಕೊಳ್ಳೇಗಾಲ ತಾಲ್ಲೂಕುಗಳ ಜೇನಿನ ಕತೆ ನೋಡಿದರೆ ಎರಡನೆಯದೇ ಹೆಚ್ಚು ತೂಕದ್ದು ಎಂದು ನನಗನ್ನಿಸುತ್ತದೆ.

ಬಿಳಿಗಿರಿರಂಗನ ಬೆಟ್ಟದ ಸೋಲಿಗ ಆದಿವಾಸಿಗಳು ಜೇನನ್ನು ನಾಲ್ಕು ಬಗೆಯಾಗಿ ಗುರುತಿಸುತ್ತಾರೆ: ಹೆಜ್ಜೇನು, ತುಡುವೆ, ಕಡ್ಡಿಜೇನು, ಕುಟುಕದ ನೆಸರಿ. ಯಾವ ನೊಣ ಯಾವ ತಿಂಗಳು ಯಾವ ಹೂವಿಗೆ ಹೋಗುತ್ತದೆ, ಹುಟ್ಟು ಬಿಟ್ಟು ಯಾವಾಗ ಏಳುತ್ತದೆ ಎಂಬ ಅವರ ಅರಿವನ್ನು ಭಾಷಾವಿಜ್ಞಾನಿ ಆಂಗ್ ಸಿ ಬೆಟ್ಟದಲ್ಲಿದ್ದು ದಾಖಲಿಸಿದ್ದಾರೆ. ಮಾರಾಟಕ್ಕೆ ಬರುವ ಜೇನಿನಲ್ಲಿ ಹೆಚ್ಚಿನ ಪಾಲು ಹೆಜ್ಜೇನಿನದು. ಬೇಸಿಗೆಯಲ್ಲಿ ನೇರಳೆ, ಹೊಂಗೆ, ಮತ್ತಿ, ದಿಂಡಿಗ ಹೂಬಿಟ್ಟು ಮುಗಿಯುವ ಹೊತ್ತಿಗೆ, ಮುಂಗಾರು ಬಲವಾಗುವ ಮುನ್ನ ಕೊಯ್ಲು.

ಬೆಟ್ಟದ ಹಳೆಯ ಪದ್ಧತಿ ರಾತ್ರಿಯದು, ಅದೂ ಕತ್ತಲ ರಾತ್ರಿಯದು. ಹೆಜ್ಜೇನು ಬೆಳದಿಂಗಳಲ್ಲಿ ಹಾರಬಲ್ಲದು. ಹುಣ್ಣಿಮೆಯ ಆಸುಪಾಸಿನಲ್ಲಿ ಮಕರಂದ ತರಲೂ ಹೊರಡುತ್ತದೆ. ಅಮಾವಾಸ್ಯೆಯ ಕಡೆ ಅದಕ್ಕೆ ದಾರಿ ಕಾಣದು. ಒಳಗೆ ಒಣ ಎಲೆ, ಹೊರಗೆ ಹಸಿ ಸೊಪ್ಪು ಸುತ್ತಿ ಬಿಗಿದ ಪಂಜನ್ನು ಹಿಡಿದು ಮೇಲೆ ಹೋದವನು ಮೊದಲು ಹೊಗೆ ಕೊಡುತ್ತಾನೆ. ಹೊಗೆ ಎರಡು ಕೆಲಸ ಮಾಡುತ್ತದೆ. ಕಾಡು ಹೊತ್ತಿಕೊಂಡಿತೆಂದು ನೊಣಗಳು ತುಪ್ಪ ಹೀರಿಕೊಂಡು ಭಾರವಾಗುತ್ತವೆ. ಜೊತೆಗೆ ಒಂದು ನೊಣ ಕುಟುಕಿದಾಗ ಅದರ ಮುಳ್ಳಿನಿಂದ ಹೊಮ್ಮುವ, ಬಾಳೆಹಣ್ಣಿನ ಘಮವನ್ನು ಹೋಲುವ ಎಚ್ಚರಿಕೆಯ ವಾಸನೆ ಮಿಕ್ಕವಕ್ಕೆ ತಲುಪದಂತೆ ಹೊಗೆ ಮುಚ್ಚಿಹಾಕುತ್ತದೆ. ಇಲ್ಲಿಯವರೆಗೆ ಯಾರಿಗೂ ಹಾನಿಯಿಲ್ಲ.

ಹಾನಿ ಶುರುವಾಗುವುದು ಕಿಡಿಯಿಂದ. ಪಂಜನ್ನು ಕೊಂಬೆಗೆ ಬಡಿದರೆ ಕಿಡಿಗಳು ಉದುರುತ್ತವೆ. ಕತ್ತಲಲ್ಲಿ ಬೇರೆ ಬೆಳಕು ಕಾಣದ ನೊಣಗಳು ಅದರ ಬೆನ್ನುಹತ್ತಿ ನೆಲಕ್ಕಿಳಿಯುತ್ತವೆ. ಮೇಲಿರುವವನ ಮುಖ ಉಳಿಯುತ್ತದೆ. ಆದರೆ ರೆಕ್ಕೆ ಸುಟ್ಟ ನೊಣ ಮತ್ತೆ ಏರುವುದಿಲ್ಲ, ಸುಡದವೂ ಬೆಳಗಾಗುವ ತನಕ ತರಗಿನ ಮೇಲೆ ಬಿದ್ದಿರಬೇಕು. ಇರುವೆಗೂ ಇಬ್ಬನಿಗೂ ಸಿಕ್ಕಿ ಎಷ್ಟೋ ಸಾಯುತ್ತವೆ. ಬೇಸಿಗೆಯ ಕಾಡಿನಲ್ಲಿ ಉದುರಿದ ಕಿಡಿ ಇನ್ನೇನೇನು ಮಾಡಬಲ್ಲದು ಎಂಬುದು ಬೇರೆ ಮಾತು. ಆದ್ದರಿಂದ ಆದಿವಾಸಿ ಪದ್ಧತಿ ಎಂದ ಮಾತ್ರಕ್ಕೆ ನೊಣಕ್ಕೆ ನೋವೇ ಇಲ್ಲ ಎಂದು ಬಾಟಲಿಯ ಮೇಲೆ ಬರೆಯುವವರ ಮಾತನ್ನು ಪೂರ್ತಿ ಒಪ್ಪಲಾಗದು. ಪದ್ಧತಿಯೊಳಗೆ ನಯವೂ ಇದೆ, ಒರಟೂ ಇದೆ. ಹೊಗೆ ಕೊಟ್ಟು ತಾಳ್ಮೆಯಿಂದ ಕಾಯುವ ಕೈ ಬೇರೆ, ಕಿಡಿ ಉದುರಿಸಿ ಬೇಗ ಮುಗಿಸುವ ಕೈ ಬೇರೆ.

ಬೆಂಕಿಯ ಕೆನ್ನಾಲಗೆ ಇಲ್ಲದೆ ಬರಿಯ ಹೊಗೆಯಿಂದ, ಹಗಲಲ್ಲೋ ಸಂಜೆಯ ಇಳಿಬೆಳಕಲ್ಲೋ ಕೊಯ್ಯುವುದು ಸಾಧ್ಯ. ವಿಯೆಟ್ನಾಂನ ಜೌಗುಕಾಡುಗಳಲ್ಲಿ ಜನ ಮರದ ತೊಲೆಯೊಂದನ್ನು ಓರೆಯಾಗಿ ನೆಟ್ಟು ಹೆಜ್ಜೇನು ಅದಕ್ಕೇ ಬಂದು ಕೂರುವಂತೆ ಮಾಡುತ್ತಾರೆ. ತೊಲೆಯ ಮೇಲ್ತುದಿಯಲ್ಲಿ ತುಪ್ಪದ ಮೂಲೆ. ಹಗಲು ಹೊತ್ತಿನಲ್ಲಿ ಹೊಗೆ ಕೊಟ್ಟು ಆ ಮೂಲೆಯನ್ನಷ್ಟೇ ಕೊಯ್ದು, ಮರಿಯ ಎರಿಯನ್ನು ಬಿಟ್ಟು, ಕೆಲವು ವಾರಗಳ ಮೇಲೆ ಅದೇ ಹುಟ್ಟಿಗೆ ಮತ್ತೆ ಬರುತ್ತಾರೆ. ಇಂಡೊನೇಷ್ಯಾದ ಕಾಲಿಮಂತಾನ್‌ನಲ್ಲೂ ಹೀಗೆ ಹಲಗೆ ಕಟ್ಟುವ ರೂಢಿಯಿದೆ. ಆದರೆ ವಿಯೆಟ್ನಾಂನಲ್ಲಿ ತೊಲೆ ಇರುವುದು ಕೈಗೆಟುಕುವ ಎತ್ತರದಲ್ಲಿ. ನಮ್ಮಲ್ಲಿ ಹುಟ್ಟು ಕಟ್ಟುವುದು ಮುಗಿಲು ಮುಟ್ಟುವ ಮರದಲ್ಲಿ, ಕಡಿದಾದ ಅರೆಗಳಲ್ಲಿ. ಅಷ್ಟೆತ್ತರದಲ್ಲಿ ಜೋತಾಡುತ್ತ ಹಗಲಲ್ಲಿ ಹೆಜ್ಜೇನನ್ನು ಎದುರಿಸು ಎಂದು ನೆಲದ ಮೇಲೆ ನಿಂತು ಹೇಳುವುದು ಸುಲಭ. ಮುಖಕ್ಕೆ ಜಾಲರಿ, ಗಟ್ಟಿ ಹಗ್ಗ, ಸೊಂಟಕ್ಕೆ ಪಟ್ಟಿ, ಹೊಗೆತಿದಿ ಇಷ್ಟಾದರೂ ಕೊಟ್ಟ ಮೇಲೆ ಆ ಮಾತು ಆಡಬೇಕು.

ಮರಿಯ ಎರಿಯನ್ನು ಉಳಿಸುವುದಕ್ಕೆ ಇಷ್ಟೊಂದು ಒತ್ತು ಏಕೆ? ನೊಣದ ಲೆಕ್ಕ ನೋಡಿ. ದುಡಿಮೆಯ ಕಾಲದಲ್ಲಿ ಕೆಲಸಗಾರ ನೊಣದ ಆಯುಸ್ಸು ವಾರಗಳಲ್ಲೇ ಮುಗಿಯುತ್ತದೆ. ಮೊಟ್ಟೆಯೊಂದು ನೊಣವಾಗಿ ಹೊರಬರಲು ಮೂರು ವಾರದ ಆಸುಪಾಸು ಬೇಕು. ಇಡೀ ಎರಿಯನ್ನು ಕಿತ್ತರೆ ಉಳಿದ ನೊಣಗಳು ಹೊಸ ಮೇಣ ಸುರಿಸಿ ಎರಿ ಕಟ್ಟಿ, ರಾಣಿ ಮೊಟ್ಟೆಯಿಟ್ಟು, ಆ ಮರಿಗಳು ಹೊರಬರುವಷ್ಟರಲ್ಲಿ ಹಳೆಯ ತಲೆಮಾರು ಸವೆದುಹೋಗಿರುತ್ತದೆ. ಮೇಣವೇನೂ ಪುಕ್ಕಟೆಯಲ್ಲ: ಒಂದು ಕಿಲೊ ಮೇಣಕ್ಕೆ ನೊಣಗಳು ಆರೇಳು ಕಿಲೊ ತುಪ್ಪ ತಿನ್ನಬೇಕು ಎಂಬುದು ಜೇನು ಸಾಕುವವರ ಹಳೆಯ ಲೆಕ್ಕ. ಹೂವಿನ ಕಾಲ ಮುಗಿಯುತ್ತ ಬಂದಾಗ ಆ ತುಪ್ಪ ಎಲ್ಲಿಂದ ಬರಬೇಕು? ಮೂಲೆ ಮಾತ್ರ ಕೊಯ್ದ ಹುಟ್ಟಿನಲ್ಲಿ ಹಾಗಲ್ಲ. ಮರಿಗಳು ಇರುವಲ್ಲಿಯೇ ಇರುವುದರಿಂದ ನೊಣಗಳು ಬಿಟ್ಟು ಹೋಗುವುದು ಕಡಿಮೆ. ಹೂವಿದ್ದರೆ ಮೂಲೆ ಮತ್ತೆ ತುಂಬುತ್ತದೆ. ಕೊಯ್ದವನಿಗೆ ಎರಡನೇ ಕೊಯ್ಲು ಸಿಗುತ್ತದೆ. ಇನ್ನೊಂದು ಲಾಭ ಕೊಳ್ಳುವವರದು. ಇಡೀ ಹುಟ್ಟನ್ನು ಹಿಂಡಿದಾಗ ತುಪ್ಪದ ಜೊತೆ ಹುಳುವಿನ ರಸವೂ ಪರಾಗವೂ ಇಳಿದು ಬೇಗ ಹುಳಿಯುತ್ತದೆ. ತುಪ್ಪದ ಎರಿಯನ್ನಷ್ಟೇ ಬಟ್ಟೆಯ ಮೇಲಿಟ್ಟು ಸೋರಲು ಬಿಟ್ಟರೆ ಅದು ತಿಳಿಯಾಗಿರುತ್ತದೆ.

ಮಿಕ್ಕ ಮೂರು ಜೇನುಗಳ ಪಾಡೂ ಕತ್ತಿ ಹಿಡಿದವನ ಬುದ್ಧಿಯ ಮೇಲೆಯೇ ನಿಂತಿದೆ. ತುಡುವೆ ಮರದ ಪೊಟರೆಯಲ್ಲಿರುತ್ತದೆ. ಬಾಯನ್ನು ಕೈ ಹಿಡಿಸುವಷ್ಟೇ ಅಗಲಿಸಿ, ಕೊಯ್ದ ಮೇಲೆ ಕಲ್ಲು ಮಣ್ಣಿನಿಂದ ಮತ್ತೆ ಕಿರಿದು ಮಾಡಿದರೆ ಆ ಮನೆ ವರ್ಷಗಟ್ಟಲೆ ಉಳಿಯುತ್ತದೆ. ಕೊಡಲಿ ಹಾಕಿ ಸೀಳಿದರೆ ಅದೇ ಕೊನೆ. ಕಡ್ಡಿಜೇನಿನ ತುಪ್ಪ ಕಡ್ಡಿಯನ್ನು ಸುತ್ತಿಕೊಂಡಂತೆ ಮೇಲೆ, ಮರಿ ಕೆಳಗೆ. ಒಮಾನ್ ದೇಶದ ಹಳ್ಳಿಗರು ತುಪ್ಪದ ಭಾಗ ಕೊಯ್ದು, ಮರಿಯ ಎರಿಯನ್ನು ಸೀಳಿದ ಕಡ್ಡಿಯ ನಡುವೆ ಸಿಕ್ಕಿಸಿ ಮತ್ತೆ ತೂಗುಹಾಕುತ್ತಾರೆ. ಅಂಗೈಯಗಲದ ಹುಟ್ಟಿಗೆ ಅಷ್ಟು ಆರೈಕೆ! ನಮ್ಮ ಕುರುಚಲು ಕಾಡುಗಳಲ್ಲಿ ಕೊಂಬೆ ಸಮೇತ ಮುರಿದು ತರುವುದೇ ಹೆಚ್ಚು. ನೆಸರಿಯ ತುಪ್ಪ ಔಷಧಿಗೆಂದು ಹುಡುಕುವಂಥದ್ದು, ಸಿಗುವುದೂ ಅಷ್ಟಿಷ್ಟೇ.

ಸೋಲಿಗರ ಜೇನು ಬರಿಯ ಕಸುಬಲ್ಲ ಎಂಬುದಕ್ಕೆ ಹನೂರು ಕಡೆಯ ಸಾಕ್ಷಿ ಮಲೆ ಮಹದೇಶ್ವರ ಕಾವ್ಯ. ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಸಂಕಮ್ಮನ ಸಾಲಿನಲ್ಲಿ ಸೋಲಿಗರ ನೀಲಯ್ಯ ಹೆಜ್ಜೇನಿಗೆಂದು ಕಾಡಿಗೆ ಹೊರಡುವ ಮುನ್ನ ಹೆಂಡತಿಯ ಬಳಿ ಆಣೆ ಭಾಷೆ ಕೇಳುತ್ತಾನೆ; ಆಕೆ ಒಪ್ಪುವುದಿಲ್ಲ; ಅವನು ಹಿಂಸೆ ಕೊಟ್ಟು ಹೋಗುತ್ತಾನೆ. ಮಾದಪ್ಪ, ಅಂದರೆ ಮಹದೇಶ್ವರ, ಬಂದು ಸಂಕಮ್ಮನಿಗೆ ಮಕ್ಕಳ ಫಲ ಕೊಡುತ್ತಾನೆ, ಕಾರಯ್ಯ ಬಿಲ್ಲಯ್ಯ ಹುಟ್ಟುತ್ತಾರೆ. ಕತೆಯ ನ್ಯಾಯ ಸಂಕಮ್ಮನ ಕಡೆಗಿದೆ. ಆದರೆ ನೀಲಯ್ಯನ ಅಂಜಿಕೆಯ ಹಿಂದೆ ಜೇನು ಮರದ ಎತ್ತರವೂ ಇದೆ ಎಂದು ಕೇಳಿದಾಗಲೆಲ್ಲ ನನಗೆ ತೋರುತ್ತದೆ. ಬೀಳುವುದೂ ಬದುಕುವುದೂ ಕೈಯಲ್ಲಿಲ್ಲದ ಕೆಲಸಕ್ಕೆ ಹೋಗುವವನು ಮನೆಯಲ್ಲಿರುವವಳನ್ನು ಕಟ್ಟುಪಾಡಿಗೆ ಸಿಕ್ಕಿಸುತ್ತಾನೆ.

ಬೆಟ್ಟದಲ್ಲಿ ಇನ್ನೊಂದು ರೂಢಿಯನ್ನೂ ಹೇಳುತ್ತಾರೆ. ಕೊಯ್ದ ಜೇನಿನಲ್ಲಿ ಒಂದು ಪಾಲನ್ನು ನೆಲದ ಮೇಲೆ ಹುಲಿಗೆಂದು ಬಿಟ್ಟು ಬರುವುದು. ಹುಲಿಗೆ ಮರ ಹತ್ತಿ ಜೇನು ಕೀಳಲು ಬರುವುದಿಲ್ಲವಲ್ಲ! ಅದನ್ನು ಬಂದು ನೆಕ್ಕುವುದು ಕರಡಿಯೇ ಇರಬೇಕೆಂದು ಪ್ರಾಣಿಶಾಸ್ತ್ರ ಓದಿದವರು ನಗಬಹುದು. ನಗಲಿ. ಪಾಲು ಬಿಡುವ ಕೈ ಎಲ್ಲವನ್ನೂ ಬಾಚುವ ಕೈಯಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ.

ಆ ಕೈ ಯಾವಾಗ ಬಾಚತೊಡಗುತ್ತದೆ? ಬಿಳಿಗಿರಿರಂಗನ ಬೆಟ್ಟ 1974ರಲ್ಲಿ ವನ್ಯಧಾಮವಾಯಿತು. ಕಾಡಿನೊಳಗೆ ಚದುರಿದ್ದ ಸೋಲಿಗರನ್ನು ರಸ್ತೆ ಬದಿಯ ಪೋಡು ಎಂಬ ವಸತಿಗಳಿಗೆ ತಂದು ಕೂರಿಸಲಾಯಿತು. ಬೇಟೆ ನಿಂತಿತು, ಕಾಡು ಕಡಿದು ಬಿತ್ತುವುದು ನಿಂತಿತು, ತರಗಿಗೆ ಹಾಕುತ್ತಿದ್ದ ತೆಳು ಬೆಂಕಿ ನಿಂತಿತು. ಉಳಿದದ್ದು ಜೇನು, ನೆಲ್ಲಿ, ಸೀಗೆ, ಪಾಚಿ. ಇವನ್ನು ಲ್ಯಾಂಪ್ಸ್ ಎಂದೇ ಎಲ್ಲರೂ ಕರೆಯುವ ಗಿರಿಜನ ಸಹಕಾರ ಸಂಘಗಳು ಕೊಳ್ಳುತ್ತಿದ್ದವು. ಡಾ. ಎಚ್. ಸುದರ್ಶನ್ 1981ರಲ್ಲಿ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವೂ, ಆಮೇಲೆ ಬಂದ ಏಟ್ರೀ ಎಂಬ ಪರಿಸರ ಸಂಶೋಧನಾ ಸಂಸ್ಥೆಯೂ 1990ರ ದಶಕದಲ್ಲಿ ಬೆಟ್ಟದಲ್ಲೇ ಜೇನು ಸೋಸಿ ಬಾಟಲಿ ತುಂಬುವ ಘಟಕಕ್ಕೆ ಕೈಹಾಕಿದವು. ಎಷ್ಟು ಹುಟ್ಟುಗಳಿದ್ದವು, ಎಷ್ಟು ಕೊಯ್ದೆವು, ಎಷ್ಟು ಬಿಟ್ಟೆವು ಎಂದು ಕೊಯ್ಯುವವರೇ ಲೆಕ್ಕವಿಡುವ ಕ್ರಮವೂ ಆಗ ಶುರುವಾಯಿತು. ಅಷ್ಟರಲ್ಲಿ 2002ರ ವನ್ಯಜೀವಿ ಕಾಯ್ದೆಯ ತಿದ್ದುಪಡಿ ಬಂತು. ಅದರ ಜಾರಿಯ ಹೆಸರಿನಲ್ಲಿ ಆ ದಶಕದ ನಡುವಿನಲ್ಲಿ ವನ್ಯಧಾಮದೊಳಗೆ ಮಾರಾಟಕ್ಕೆಂದು ಜೇನು, ನೆಲ್ಲಿ ತರುವುದು ನಿಷಿದ್ಧವಾಯಿತು. ಮರದ ಲೆಕ್ಕ ಇಟ್ಟವರೇ ಕಳ್ಳರಾದರು.

ಕದ್ದು ಕೊಯ್ಯುವವನಿಗೆ ಹೊತ್ತಿಲ್ಲ. ಹೊಗೆ ಕೊಟ್ಟು ಕಾಯುತ್ತ ಕೂತರೆ ಗಾರ್ಡಿನ ಕಣ್ಣಿಗೆ ಬೀಳುತ್ತಾನೆ. ಮೂಲೆ ಮಾತ್ರ ಕೊಯ್ದು ಉಳಿದದ್ದನ್ನು ಎರಡನೇ ಸಲಕ್ಕೆ ಬಿಟ್ಟರೆ, ಎರಡನೇ ಸಲ ತಾನೇ ಬರುತ್ತೇನೆಂಬ ಖಾತ್ರಿಯಿಲ್ಲ. ಬೇರೆಯವನು ಬಾಚಿಕೊಂಡು ಹೋಗುತ್ತಾನೆ. ಹಣ್ಣಾಗುವ ಮುಂಚೆಯೇ ಕಾಯಿ ಕಿತ್ತುಕೊಳ್ಳುವ ದಾರಿಬದಿಯ ಮಾವಿನ ಮರದ ಗತಿಯೇ ಆಗ ಜೇನಿನ ಮರಕ್ಕೂ. ಕಾಡನ್ನು ಕಾಯಲು ಹಾಕಿದ ನಿಷೇಧ ನೊಣದ ಮಟ್ಟಿಗೆ ಕೆಟ್ಟ ಕೊಯ್ಲಿಗೇ ಇಂಬುಕೊಡುವುದು ಹೀಗೆ.

ಅರಣ್ಯ ಹಕ್ಕು ಕಾಯ್ದೆ 2006ರದು, ಅದರ ನಿಯಮಗಳು ಬಂದದ್ದು 2008ರಲ್ಲಿ. ಬಿಳಿಗಿರಿರಂಗನ ಬೆಟ್ಟ 2011ರ ಜನವರಿಯಲ್ಲಿ ಹುಲಿ ಮೀಸಲು ಪ್ರದೇಶವಾಯಿತು. ಅದೇ ವರ್ಷ ಅಕ್ಟೋಬರ್ 2ರಂದು ಸೋಲಿಗರ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ಕಿತು. ಹುಲಿ ಮೀಸಲಿನೊಳಗೆ ಇಂಥ ಹಕ್ಕು ಮಾನ್ಯವಾದದ್ದು ದೇಶದಲ್ಲೇ ಮೊದಲು. ಜೇನು ಸೇರಿದಂತೆ ಕಿರು ಅರಣ್ಯ ಉತ್ಪನ್ನವನ್ನು ತರುವ, ಮಾರುವ ಹಕ್ಕು ಅದರಲ್ಲಿದೆ. ಕಾಡನ್ನು ಕಾಯುವ ಹೊಣೆಯೂ ಇದೆ. ಪತ್ರ ಬಂದ ಮಾತ್ರಕ್ಕೆ ಎಲ್ಲ ಸರಿಹೋಗುವುದಿಲ್ಲ ಎನ್ನುವುದನ್ನು ಬೆಟ್ಟದವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ಯಾವ ಕುಲದವರ ಎಲ್ಲೆ ಯಾವುದು, ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು ಎಲ್ಲೆಲ್ಲಿ ಎಂದು ನಾನೂರಕ್ಕೂ ಹೆಚ್ಚು ಜಾಗಗಳನ್ನು ಸೋಲಿಗರು ನಕ್ಷೆಯ ಮೇಲೆ ಗುರುತಿಸಿಟ್ಟಿರುವುದು ಸುಮ್ಮನೆ ಅಲ್ಲ. ನೊಣಗಳೂ ಎಲ್ಲೆ ತಿಳಿದವೇ. ಅಸ್ಸಾಮಿನಲ್ಲಿ ನಡೆದ ವಂಶವಾಹಿ ಪರೀಕ್ಷೆ, ವಲಸೆ ಹೋದ ಹೆಜ್ಜೇನಿನ ಅದೇ ರಾಣಿ ತಿಂಗಳುಗಳ ಮೇಲೆ ಅದೇ ತಾಣಕ್ಕೆ ಮರಳುವುದನ್ನು ತೋರಿಸಿದೆ. ಹಿಂದಿರುಗುವ ನೊಣಕ್ಕೆ ಹಿಂದಿರುಗುವ ಕೊಯ್ಲುಗಾರ ಸಿಕ್ಕರೆ ಇಬ್ಬರಿಗೂ ಒಳ್ಳೆಯದು.

ಇನ್ನು ದರ. ಜೇನನ್ನು ತೂಕಕ್ಕೆ ಕೊಳ್ಳುವಾಗ ಮಾಗಿದ್ದಕ್ಕೂ ಮಾಗದ್ದಕ್ಕೂ ಒಂದೇ ಬೆಲೆ ಕೊಟ್ಟರೆ ಯಾರು ಕಾಯುತ್ತಾರೆ? ಮಕರಂದದ ನೀರನ್ನು ರೆಕ್ಕೆ ಬೀಸಿ ಆರಿಸಿದ ಮೇಲೆಯೇ ನೊಣಗಳು ಕಣಕ್ಕೆ ಮೇಣದ ಮುಚ್ಚಳ ಹಾಕುವುದು. ಮುಚ್ಚಳ ಬೀಳುವ ಮೊದಲು ಕೊಯ್ದ ತುಪ್ಪ ನೀರುನೀರಾಗಿದ್ದು ಹುದುಗುತ್ತದೆ. ಆಹಾರ ಸುರಕ್ಷತೆಯ ನಿಯಮದಂತೆ ಜೇನಿನಲ್ಲಿ ನೀರು ಶೇ 20 ಮೀರಬಾರದು. ಮಳೆ ಹನಿಯುವ ಬೆಟ್ಟದ ಹೆಜ್ಜೇನು ಎಷ್ಟು ಮಾಗಿದರೂ ಇದನ್ನು ಮೀರುವುದುಂಟು. ತೆಳ್ಳಗಿದೆ ಎಂದು ಕಲಬೆರಕೆಯ ಗುಮಾನಿ ಪಡುವವರು, ನೀರಿನ ಲೋಟಕ್ಕೆ ಹನಿ ಬಿಟ್ಟು ಪರೀಕ್ಷೆ ಮಾಡುವವರು ಇಲ್ಲಿಯೇ ಎಡವುತ್ತಾರೆ. ಗಟ್ಟಿ ಸಕ್ಕರೆ ಪಾಕವೂ ಲೋಟದ ತಳಕ್ಕೆ ನೆಟ್ಟಗೆ ಇಳಿಯುತ್ತದೆ. ಮುಚ್ಚಳ ಬಿದ್ದ ಎರಿಗೆ ಹೆಚ್ಚು ಬೆಲೆ, ಹಿಂಡಿದ್ದಕ್ಕೆ ಕಡಿಮೆ ಬೆಲೆ ಎಂದು ಸಂಘದ ಬಾಗಿಲಲ್ಲಿ ಬರೆದು ಹಾಕಿದರೆ ಹತ್ತು ತರಬೇತಿ ಶಿಬಿರಗಳು ಮಾಡದ ಕೆಲಸ ಆಗುತ್ತದೆ ಎಂದು ನನ್ನ ನಂಬಿಕೆ.

ಪೆಟ್ಟಿಗೆಯಲ್ಲಿ ಸಾಕುವವರಿಗೆ ಈ ತಾಪತ್ರಯ ಕಡಿಮೆ. 1851ರಲ್ಲಿ ಅಮೆರಿಕದ ಪಾದ್ರಿ ಲ್ಯಾಂಗ್‌ಸ್ಟ್ರಾತ್ ಎರಿಗಳ ನಡುವೆ ನೊಣ ಓಡಾಡುವಷ್ಟೇ ಸಂದು ಬಿಟ್ಟರೆ ಅದನ್ನು ಅವು ಮೇಣದಿಂದ ಮುಚ್ಚುವುದಿಲ್ಲ ಎಂದು ಕಂಡುಕೊಂಡ. ಚೌಕಟ್ಟನ್ನು ಎತ್ತಿ ಇಳಿಸುವ ಪೆಟ್ಟಿಗೆ ಹುಟ್ಟಿದ್ದು ಅಲ್ಲಿಂದ. ಕೆಳಗೆ ಮರಿಯ ಕೋಣೆ, ಮೇಲೆ ತುಪ್ಪದ ಕೋಣೆ. ಮೇಲಿನ ಚೌಕಟ್ಟನ್ನು ಯಂತ್ರದಲ್ಲಿ ತಿರುಗಿಸಿ ತುಪ್ಪ ಚಿಮ್ಮಿಸಿ ಖಾಲಿ ಎರಿಯನ್ನು ಮತ್ತೆ ಇಟ್ಟರೆ ಮೇಣವೂ ಉಳಿಯಿತು. ತುಡುವೆಗೆ ಒಗ್ಗುವ ಚಿಕ್ಕ ಪೆಟ್ಟಿಗೆ ದಕ್ಷಿಣ ಭಾರತದಲ್ಲಿ ಬಹುಕಾಲದಿಂದಿದೆ. 1991–92ರ ಹೊತ್ತಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ಕೊಡಗಿನಿಂದ ಕೇರಳದ ತನಕ ತುಡುವೆ ಪೆಟ್ಟಿಗೆಗಳು ಸಾಲುಸಾಲಾಗಿ ಖಾಲಿಯಾದವು. ಮರಳಿ ಚೇತರಿಸಿಕೊಳ್ಳಲು ವರ್ಷಗಳೇ ಹಿಡಿದವು. ಕೊಳ್ಳೇಗಾಲ, ಹನೂರು ಕಡೆ ಹುಣಸೆ, ತೆಂಗು, ಹೊಂಗೆಯ ನೆರಳಲ್ಲಿ ಪೆಟ್ಟಿಗೆ ಇಡುವ ರೈತ ನೆನಪಿಡಬೇಕಾದ್ದು ಒಂದೇ: ಮಳೆಗಾಲ ಹೂವಿಲ್ಲದ ಕಾಲ, ಆ ತಿಂಗಳುಗಳಿಗೆ ಬೇಕಾದ ತುಪ್ಪವನ್ನು ಮರಿಯ ಕೋಣೆಯಲ್ಲಿ ಮುಟ್ಟದೆ ಬಿಡಬೇಕು. ಅದನ್ನೂ ಕೊಯ್ದು ಸಕ್ಕರೆ ನೀರು ಕೊಟ್ಟರಾಯಿತು ಎನ್ನುವವರ ಪೆಟ್ಟಿಗೆ ಒಂದು ದಿನ ಹಾರಿಹೋಗಿರುತ್ತದೆ.

ಮಳೆ ಹಿಡಿದ ಮೇಲೆ ಬೆಟ್ಟದ ಹೆಜ್ಜೇನು ಬಯಲಿಗೆ ಇಳಿಯುತ್ತದೆ. ಯಳಂದೂರಿನ ಕಾಡಿನಲ್ಲಿ ಜೋಪಾನವಾಗಿ ಮೂಲೆ ಕೊಯ್ದು ಬಿಟ್ಟ ಅದೇ ಸಂಸಾರ ಕೊಳ್ಳೇಗಾಲದ ನೀರಿನ ಟ್ಯಾಂಕಿಗೋ ಕಾಲೇಜಿನ ಸಜ್ಜಕ್ಕೋ ಬಂದು ಕೂರಬಹುದು. ಅಲ್ಲಿ ಅದಕ್ಕೆ ಕಾದಿರುವುದು ಪೆಟ್ರೋಲಿನ ಪಂಜು ಅಥವಾ ಕೀಟನಾಶಕದ ಪಿಚಕಾರಿ. ಒಂದು ಸಂಜೆಯ ಬೆಂಕಿಗೆ ಸಾವಿರಾರು ನೊಣಗಳು ರಾಶಿಯಾಗಿ ಬೀಳುತ್ತವೆ. ಮಾರನೆಯ ದಿನ ಅಳಿದುಳಿದವು ದಾರಿಹೋಕರ ಮೇಲೆ ಎರಗುತ್ತವೆ. ಹೆಜ್ಜೇನು ಖಾಯಂ ಬಾಡಿಗೆದಾರನಲ್ಲ, ಹೂವು ಮುಗಿದರೆ ತಾನೇ ಎದ್ದು ಹೋಗುತ್ತದೆ. ಅಲ್ಲಿಯ ತನಕ ಹುಟ್ಟಿನ ಎದುರಿನ ದೀಪವನ್ನು ರಾತ್ರಿ ಆರಿಸಿಟ್ಟರೆ ನೊಣ ಮನೆಯೊಳಗೆ ನುಗ್ಗುವುದಿಲ್ಲ. ಬೆಳಕಿಗೆ ಬರುವುದು ಅದರ ಚಾಳಿ. ಕಲ್ಲೆಸೆಯುವ ಹುಡುಗರನ್ನೂ ಅಡಿಯಲ್ಲಿ ಕಸ ಸುಡುವವರನ್ನೂ ತಡೆದರೆ ಮುಕ್ಕಾಲು ಪಾಲು ಅಪಾಯ ತಪ್ಪಿತು. ಶಾಲೆಯ ಬಾಗಿಲ ಮೇಲೆಯೇ ಕಟ್ಟಿದ್ದರೆ ಮಾತ್ರ ಮಕ್ಕಳಿಲ್ಲದ ಹೊತ್ತಿನಲ್ಲಿ, ಹೊಗೆಯಿಂದಷ್ಟೇ ಎಬ್ಬಿಸಬಲ್ಲ ಬೆಟ್ಟದ ಕೈಗಳನ್ನು ಕರೆಸಿ ಕೂಲಿ ಕೊಟ್ಟು ತೆಗೆಸಬೇಕು. ನೊಣ ಹೋದ ಮೇಲೆ ಗೋಡೆಗಂಟಿದ ಮೇಣವನ್ನು ಕೆರೆದು, ಬಿಸಿನೀರು ಹಾಕಿ ಉಜ್ಜಿ, ಮೇಲೊಂದು ಸುಣ್ಣ ಬಳಿಯಬೇಕು. ಆ ಗುರುತಿನ ವಾಸನೆ ಉಳಿದಿದ್ದರೆ ಮುಂದಿನ ಸಲ ಅಲ್ಲಿಗೇ ಬರುತ್ತವೆ.